ಅಪ್ಪನ ರೊಟ್ಟಿಯ ಬದು

ನನ್ನ ಪೆಟ್ಟಿಗೆಯಲ್ಲಿ, ಇಸ್ತ್ರಿ ಮಾಡಿದ ಖಾಕಿ ಬಟ್ಟೆಗಳ ನಡುವೆ ಒಂದು ಹಳೆಯ ಅರಿವೆ ಇದೆ. ಒಂದು ಕಾಲಕ್ಕೆ ಅದು ಕೆಂಪು ಚೌಕಡಿಯ ಟವೆಲ್ ಆಗಿತ್ತು. ಈಗ ಅದಕ್ಕೆ ಬಣ್ಣ ಅಂತ ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲ. ಒಂದು ಮೂಲೆಯಲ್ಲಿ ಎಣ್ಣೆಗಾಯಿಯ ಕಲೆ, ಇನ್ನೊಂದು ಮೂಲೆಯಲ್ಲಿ ಶೇಂಗಾ ಹಿಂಡಿಯ ಕಲೆ. ಗಂಟು ಹಾಕಿ ಹಾಕಿ ನಾಲ್ಕೂ ತುದಿಗಳು ಇಲಿಯ ಬಾಲದಂತೆ ಸುರುಟಿಕೊಂಡಿವೆ. ಮೊನ್ನೆ ಕ್ವಾರ್ಟರ್ಸಿನ ಗೆಳತಿ ಕಿಟಕಿ ಒರೆಸಲು ಅರಿವೆ ಹುಡುಕುತ್ತ ಅದಕ್ಕೇ ಕೈ ಹಾಕಿದಳು. "ಏ, ಬಿಡ ಅದನ್ನ!" ಎಂದು ನಾನು ಕೂಗಿದ ರಭಸಕ್ಕೆ ಪಾಪ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನಿಂತುಬಿಟ್ಟಳು. ಪೊಲೀಸ್ ಆದ ಮೇಲೆ ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು, ಅದೂ ಇನ್ನೊಬ್ಬ ಮಹಿಳಾ ಪೊಲೀಸಿನ ಮೇಲೆ.

ಅದು ನನ್ನ ಬುತ್ತಿ ಅರಿವೆ. ಬುತ್ತಿ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನೀವು ನಮ್ಮ ಕಡೆಯವರಲ್ಲ, ಇರಲಿ, ಹೇಳುತ್ತೇನೆ, ಕೂಡ್ರಿ. ನಮ್ಮೂರು ಹೊಂಬಳದಿಂದ ಗದಗಿಗೆ ಬರುವ ಮೊದಲ ಬಸ್ಸಿನಲ್ಲಿ ಡ್ರೈವರನ ಪಕ್ಕ ಬಾನೆಟ್ಟಿನ ಮೇಲೆ ಊಟದ ಗಂಟುಗಳ ಸಾಲು ಕೂತಿರುತ್ತದೆ. ಅವ್ವಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಪಲ್ಯೆ ಮಾಡಿ, ಗಂಟು ಕಟ್ಟಿ ಬಸ್ಸಿಗೆ ಕೊಡುತ್ತಾರೆ. ಗದಗಿನಲ್ಲಿ ಕೋಣೆ ಹಿಡಿದು ಓದುವ ಮಕ್ಕಳು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಾರೆ. ಟಿಕೀಟಿಲ್ಲ, ಹೆಸರು ಬರೆದ ಚೀಟಿ ಇಲ್ಲ, ಅರಿವೆಯೇ ಗುರುತು. ಮನುಷ್ಯರಿಗೆ ಕಾಲಿಡಲು ಜಾಗ ಇಲ್ಲದ ದಿನವೂ ಬುತ್ತಿಗೆ ಕೂಡಲು ಜಾಗ ಇರುತ್ತದೆ.

"ಏ ಕೆಂಪ ಚೌಕಡಿ, ಬಾರವಾ ಜಲ್ದಿ!" ಎಂದು ಕಂಡಕ್ಟರಣ್ಣ ಕೂಗುತ್ತಿದ್ದ. "ದಾರಿಯೆಲ್ಲಾ ಘಮ್ ಅಂತ ವಾಸನಿ ಬರಾಕತ್ತಿತ್ತು. ನಾನೂ ಮನಶ್ಯಾ ಅದೀನಿ, ಹಸದ ಬಂದೀನಿ, ನನ್ನ ಮ್ಯಾಲ ಭಾಳ ಭರೋಸಾ ಇಡಬ್ಯಾಡ."

ಆತನಿಗೆ ನನ್ನ ಹೆಸರು ರೇಣುಕಾ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ನಾನು ಕೆಂಪು ಚೌಕಡಿ, ಅಷ್ಟೆ.

ಆದರೆ ಆತನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಆ ಸಾಲಿನಲ್ಲಿದ್ದ ಬುತ್ತಿಗಳೆಲ್ಲ ಅವ್ವಂದಿರ ಕೈಯವು. ನನ್ನದೊಂದು ಮಾತ್ರ ಅಪ್ಪನ ಕೈಯದು.

ನನ್ನ ಅವ್ವ ನೀಲವ್ವ ಬಚ್ಚಲ ಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮುಂಗೈ ಮುರಿದುಕೊಂಡಿದ್ದಳು. ಎಲುಬು ಕೂಡಿತು, ಬಲ ಕೂಡಲಿಲ್ಲ. ಎಡಗೈಯಲ್ಲಿ ಪಲ್ಯೆ ತಿರುವುತ್ತಿದ್ದಳು, ಸಾರು ಕುದಿಸುತ್ತಿದ್ದಳು. ಆದರೆ ಜೋಳದ ರೊಟ್ಟಿ ಎಡಗೈಗೆ ಬಗ್ಗುವಂಥದ್ದಲ್ಲ. ನಾಲ್ಕು ದಿನ ಪಕ್ಕದ ಮನೆಯವರು ಬಡಿದುಕೊಟ್ಟರು. ಐದನೆಯ ದಿನ, ನಾನು ಗದಗಿನಿಂದ ಊರಿಗೆ ಬಂದಿದ್ದಾಗ, ಅಪ್ಪ ಬಾಗಿಲು ಹಾಕಿ, ಅಗಳಿ ಜಡಿದು, ಧೋತರ ಮೇಲೆತ್ತಿ ಒಲೆಯ ಮುಂದೆ ಕೂತ. ಅಪ್ಪ ಅಂದರೆ ಫಕೀರಪ್ಪ. ಹರೆಯದಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಊರಲ್ಲಿ ಹೆಸರು ಮಾಡಿದವ, ಈಗಲೂ ಶೇಂಗಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೀಸೆ ತೀಡುತ್ತಲೇ ನಡೆಯುವವ. ಆ ಕಲ್ಲಿಗೆ ಬಗ್ಗಿದ ಅಪ್ಪನ ಕೈಗೆ ಒಂದು ಮುಷ್ಟಿ ಹಿಟ್ಟು ಬಗ್ಗಲಿಲ್ಲ. ಮೊದಲ ರೊಟ್ಟಿ ಹರಿಯಿತು, ಎರಡನೆಯದು ಹಂಚಿಗೆ ಅಂಟಿತು. ಮೂರನೆಯದು ಪೂರ್ತಿ ಬೆಂದು ಬಂದಾಗ ಅಪ್ಪ ಅದನ್ನು ನನಗೆ ತೋರಿಸಿದ ಗತ್ತು ನೋಡಬೇಕಿತ್ತು ನೀವು.

ಅವ್ವ ಗೋಡೆಗೆ ಒರಗಿ ಕೂತು ಯಜಮಾನಿಕೆ ನಡೆಸುತ್ತಿದ್ದಳು. "ಅಂಚು ನೋಡ್ರಿ, ಅಂಚು! ನಡಬರಕ ತೆಳ್ಳಗ, ಸುತ್ತಲೂ ದಪ್ಪ. ಇದೇನ ರೊಟ್ಟಿನೋ, ಹೊಲಕ್ಕ ಹಾಕಿದ ಬದುನೋ?"

"ಬದು ಇಲ್ಲದ ಹೊಲದಾಗ ನೀರ ನಿಲ್ಲತೈತೇನು? ನನ್ನ ಮಗಳು ಸಾರ ಹಾಕ್ಕೊಂಡ್ರ ಹರದ ಹೋಗಬಾರದಂತ ಹಾಕೀನಿ," ಎಂದ ಅಪ್ಪ.

ಅಂದಿನಿಂದ ನಮ್ಮ ಮನೆಯ ರೊಟ್ಟಿಗೆ ಬದು ಬಂತು. ಆದರೆ ಅಪ್ಪನದೊಂದು ಕರಾರು: ಇದು ಹೊಸ್ತಿಲು ದಾಟಬಾರದು. ಮೀಸೆ ಹೊತ್ತವನು ರೊಟ್ಟಿ ಬಡಿಯುತ್ತಾನೆ ಅಂತ ಗೊತ್ತಾದರೆ ಕಟ್ಟೆಯ ಮೇಲೆ ಕೂಡುವುದು ಹೇಗೆ? ನಾನೂ ಅವ್ವನೂ ಒಪ್ಪಿದೆವು. ರೊಟ್ಟಿ ಒಪ್ಪಬೇಕಲ್ಲ! ಅದಕ್ಕೆ ಸಪ್ಪಳ ಇದೆ. ಅಗಳಿ ಹಾಕಿದ ಬಾಗಿಲ ಹಿಂದೆ ಸಂಗ್ರಾಣಿ ಕಲ್ಲಿನ ಕೈ ಹಿಟ್ಟಿನ ಮೇಲೆ ಬಿದ್ದರೆ ಓಣಿಯ ತುದಿಗೆ ಕೇಳುತ್ತಿತ್ತು. ಎದುರು ಮನೆಯ ಗೌರವ್ವ ಅವ್ವನನ್ನು ಕೇಳಿಯೇ ಕೇಳಿದಳು. "ಕೈ ನೆಟ್ಟಗಾತಲ್ಲ ನೀಲವ್ವಾ? ಭಾಳ ಚಲೋ ಆತು. ಆದ್ರ ಮೊದಲಿನಕಿಂತ ಜೋರ ಬಡ್ಯಾಕತ್ತಿ ಏನು?"

"ಹೌದವಾ, ಎಣ್ಣಿ ಹಚ್ಚಿ ತಿಕ್ಕಿಸಿಕೊಂಡಿದ್ದೆ," ಎಂದಳಂತೆ ಅವ್ವ. ಊರೆಲ್ಲ ಅವ್ವನ ಕೈ ಗುಣವಾಯಿತೆಂದು ನಂಬಿತು.

ಇತ್ತ ಬೆಟಗೇರಿಯ ಕೋಣೆಯಲ್ಲಿ ನಾವು ಮೂವರು. ಕೊರ್ಲಹಳ್ಳಿಯ ಶಬಾನಾ, ಲಕ್ಷ್ಮೇಶ್ವರದ ಸೌಮ್ಯಾ ಮತ್ತು ನಾನು. ಶಬಾನಾ ಮತ್ತು ನಾನು ಪೊಲೀಸ್ ಭರತಿಗೆ ತಯಾರಿ ಮಾಡುತ್ತಿದ್ದೆವು. ನಸುಕಿನಲ್ಲಿ ಮೈದಾನದಲ್ಲಿ ಓಟ, ಹಗಲೆಲ್ಲ ಲೈಬ್ರರಿ. ಸೌಮ್ಯಾ ಬಿ.ಕಾಂ. ಓದುತ್ತಿದ್ದಳು, ಅದರ ಜೊತೆಗೆ ಆಕೆಯನ್ನು ನೋಡಲು ವರಗಳೂ ಬರುತ್ತಿದ್ದವು. ಬಂದವರಲ್ಲಿ ಯಾರೋ ಒಬ್ಬರು "ಹುಡಗಿ ಚೂರು ಮೈಗಟ್ಟಿ ಐತಿ" ಅಂದಿದ್ದರು. ಅಲ್ಲಿಗೆ ನಮ್ಮ ಕೋಣೆಯ ಅನ್ನಪೂರ್ಣೆಗೆ ಸೂತಕ ಬಂತು.

ಸೌಮ್ಯಾಳ ಮೊಬೈಲಿನಲ್ಲಿ ತೆಳ್ಳನೆಯ ಹುಡುಗಿಯರು ಬಂದು ಹೋಗುತ್ತಿದ್ದರು. ಅವರು ಬೆಳಿಗ್ಗೆ ಬಿಸಿನೀರು ಕುಡಿಯುತ್ತಿದ್ದರು, ಮಧ್ಯಾಹ್ನ ಸೌತೆಕಾಯಿ ಕಡಿಯುತ್ತಿದ್ದರು, ರಾತ್ರಿ ನಗುತ್ತಿದ್ದರು. "ರಾತ್ರಿ ಉಣ್ಣಬಾರದಂತಲೇ," ಎಂದಳು ಸೌಮ್ಯಾ. ಶಬಾನಾ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ. ಶಿರಹಟ್ಟಿಯಲ್ಲಿ ಒಂದು ಮದುವೆಯಲ್ಲಿ ಸೋದರತ್ತೆ ನನ್ನ ಗಲ್ಲ ಹಿಂಡಿ "ಗದಗಿನ ನೀರ ಹತ್ತೇತಿ ನಿನಗ" ಎಂದಿದ್ದು ನೆನಪಾಯಿತು. ಮೂವರೂ ಒಂದೊಂದು ರೊಟ್ಟಿಗೆ ಕೈ ತೊಳೆದೆವು.

ಅಲ್ಲಿ ನನಗೊಂದು ಸತ್ಯ ಕಂಡಿತು. ಹಸಿವು ನಮ್ಮ ಹೊಟ್ಟೆಯದು, ಆದರೆ ಎಷ್ಟು ಉಣ್ಣಬೇಕು ಅನ್ನುವುದನ್ನು ಹೇಳುವುದು ಪಕ್ಕದ ತಾಟು. ಒಬ್ಬಳು ಎದ್ದರೆ ಉಳಿದ ಇಬ್ಬರಿಗೆ ಎರಡನೆಯ ರೊಟ್ಟಿಗೆ ಕೈ ಚಾಚಲು ಧೈರ್ಯವಿಲ್ಲ. ಹಸಿದು ಸತ್ತರೂ ಚಿಂತೆಯಿಲ್ಲ, ಹಸಿದವಳು ಅನ್ನಿಸಿಕೊಳ್ಳಬಾರದು! ಉಳಿದ ರೊಟ್ಟಿಯನ್ನು ಚೆಲ್ಲುವ ಜಾತಿ ನಮ್ಮದಲ್ಲ. ಹಾಳೆಯ ಮೇಲೆ ಹರವಿ ಒಣಗಿಸಿ ಡಬ್ಬಿಗೆ ತುಂಬಿದೆವು. ಡಬ್ಬಿ ದಿನದಿನಕ್ಕೆ ತುಂಬುತ್ತ ಬಂತು, ನಾವು ಸೊರಗುತ್ತ ಬಂದೆವು.

ಪೂರಾ ಉಪವಾಸ ಇದ್ದೆವು ಅಂತ ತಿಳಿಯಬೇಡಿ. ಒಂದು ಸಂಜೆ ನಾನು "ಲೈಬ್ರರಿಗೆ ಹೊಂಟೆ" ಎಂದು ಹೇಳಿ ಮೂಲೆಯ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿಯ ತುದಿ ಕಚ್ಚಿದ್ದೆ. ಪಕ್ಕದಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡ ಒಬ್ಬಳು ಗಿರ್ಮಿಟ್ಟು ಮುಕ್ಕುತ್ತಿದ್ದಳು. ಆ ದುಪಟ್ಟಾ ನನ್ನದೇ! ಒಳಗಿದ್ದವಳು ಶಬಾನಾ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುವಾಗಲೇ ಗಾಡಿಯ ಆ ಕಡೆಯಿಂದ ದನಿ ಬಂತು. "ಅಣ್ಣಾರ, ಇನ್ನೆರಡು ಮಿರ್ಚಿ ಹಾಕ್ರಿ, ಬಿಸಿ ಇರಲಿ." ಸೌಮ್ಯಾ! ನಮ್ಮ ಡೈಟ್ ಅಂದರೆ ಇಷ್ಟೇ: ಎದುರಿಗೆ ರೊಟ್ಟಿ ಬಿಡುವುದು, ಮರೆಯಲ್ಲಿ ಭಜಿ ತಿನ್ನುವುದು.

ಭರತಿಯ ದೈಹಿಕ ಪರೀಕ್ಷೆ ಹತ್ತಿರ ಬಂದಾಗ ನನಗೆ ಚಿಂತೆ ಹತ್ತಿತು. ಓಟದ ಹೆದರಿಕೆ ಇರಲಿಲ್ಲ. ಅಲ್ಲಿ ತೂಕಕ್ಕೂ ಒಂದು ಗಡಿ ಇತ್ತು. ಅದಕ್ಕಿಂತ ಕಡಿಮೆ ಇದ್ದವರನ್ನು ಓಡಲು ಬಿಡುವ ಮಾತೇ ಇಲ್ಲ, ಮನೆಗೆ ಕಳಿಸುತ್ತಾರೆ. ಬರೆಯುವ ಪರೀಕ್ಷೆ ದಾಟಿದ್ದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾವ ಹೆಣ್ಣುಮಗಳೂ ನೌಕರಿಯ ಹೊಸ್ತಿಲು ತುಳಿದಿರಲಿಲ್ಲ. ಇಷ್ಟೆಲ್ಲ ಓದಿ ಕಡೆಗೆ ತೂಕದ ಒಂದು ಮುಳ್ಳಿನ ಮುಂದೆ ಸೋಲುವುದೇ?

ಅದೇ ಹೊತ್ತಿಗೆ ಅಪ್ಪ ಶೇಂಗಾ ಮಾರಲು ಟ್ರ್ಯಾಕ್ಟರಿನಲ್ಲಿ ಗದಗಿನ ಮಾರುಕಟ್ಟೆಗೆ ಬಂದ. ಅಂದು ಬುತ್ತಿ ಬಸ್ಸಿಗೆ ಹಾಕಿರಲಿಲ್ಲ, ತಾನೇ ತಂದಿದ್ದ. ಗಂಟು ನನ್ನ ಕೈಗಿಟ್ಟು ಮುಖ ನೋಡಿದ. "ಯಾಕವಾ, ದವಡಿ ಎಲುಬು ಕಾಣಾಕತ್ತಾವಲ್ಲ?" ನಾನು ತೂಕದ ಸಂಗತಿ ಹೇಳಿದೆ. ಅಪ್ಪ ಸುತ್ತ ನೋಡಿದ. ಎದುರಿಗೇ ಶೇಂಗಾ ಚೀಲ ತೂಗುವ ಕಾಟಾ ಇತ್ತು. "ಇದರ ಮ್ಯಾಲ ಹತ್ತು. ಚೀಲಕ್ಕ ಸುಳ್ಳ ಹೇಳದ್ದು ನಿನಗ ಹೇಳತೈತೇನು?"

ನಾನು ಹತ್ತಿದೆ. ತೂಗುವ ಹುಸೇನಸಾಬ ಚಾಚಾ ಚೀಲದ ತೂಕ ಕೂಗುವ ಅದೇ ರಾಗದಲ್ಲಿ ನನ್ನ ತೂಕವನ್ನು ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿಬಿಟ್ಟ. ನಾಚಿಕೆಯಾಗುವ ಮೊದಲೇ ಖುಷಿಯಾಯಿತು. ಗಡಿ ದಾಟಿತ್ತು! ನೂಲಿನಷ್ಟೇ, ಆದರೆ ದಾಟಿತ್ತು. ನಮ್ಮೂರಿನ ಬಸಪ್ಪ ಕಾಕಾ ಚಪ್ಪಾಳೆ ತಟ್ಟಿದ. "ಆತು ಬಿಡು! ಫಕೀರಪ್ಪನ ಮಗಳು ಫೌಜದಾರ ಆದಂಗ! ಏ, ಎಲ್ಲಾರಿಗೂ ಚಹಾ ಹೇಳ್ರೋ!" ಹಮಾಲರು ನಕ್ಕರು. ನಾನೂ ಕಾಟಾದ ಮೇಲೆ ನಿಂತೇ ಹಲ್ಲು ಕಿರಿಯುತ್ತಿದ್ದೆ.

ಅಪ್ಪನೊಬ್ಬ ನಗಲಿಲ್ಲ. ನನ್ನ ಕೈ ನೋಡುತ್ತಿದ್ದ.

"ಬುತ್ತಿ ಇಳಸವಾ," ಎಂದ ಮೆಲ್ಲಗೆ.

ಅಯ್ಯ! ಗಂಟು ನನ್ನ ಕೈಯಲ್ಲೇ ಜೋತಾಡುತ್ತಿತ್ತು. ಕೆಳಗಿಟ್ಟೆ. ಕೆಂಪು ಅಂಕಿಗಳು ಕೆಳಗಿಳಿದು, ಗಡಿಯ ಈಚೆ ಬಂದು ನಿಂತವು. ಹುಸೇನಸಾಬ ಚಾಚಾ ಈ ಸಲ ಕೂಗಲಿಲ್ಲ. ಅಷ್ಟರಲ್ಲಿ ಚಹಾ ಬಂತು. ಯಾವ ಸಂತೋಷಕ್ಕೆ ಕುಡಿಯಬೇಕು ಅಂತ ಯಾರಿಗೂ ತಿಳಿಯಲಿಲ್ಲ, ಸುಮ್ಮನೆ ಕುಡಿದರು.

ಬಸಪ್ಪ ಕಾಕಾ ಸಮಾಧಾನ ಹೇಳಲು ಬಂದ. "ಯಾಕ ಚಿಂತಿ ಮಾಡ್ತಿ? ಇನ್ನೂ ದಿನಾ ಅದಾವು. ವೈನಿ ಕೈ ಹೆಂಗೂ ನೆಟ್ಟಗಾಗೇತಿ. ಬುತ್ತಿಗೆ ಇನ್ನೆರಡು ರೊಟ್ಟಿ ಹೆಚ್ಚಿಗಿ ಬಡ್ಯಾಕ ಹೇಳು, ತಾನ ತೂಕ ಬರತೈತಿ."

ನಾನು ಅಪ್ಪನ ಮುಖ ನೋಡಿದೆ. "ಹೂಂ, ಹೇಳ್ತೀನಿ" ಅಂದಿದ್ದರೆ ಮುಗಿಯುತ್ತಿತ್ತು. ನಮ್ಮೂರಿನವರು ಒಂದು ಟ್ರ್ಯಾಕ್ಟರ್ ತುಂಬ ಅಲ್ಲಿದ್ದರು. ಅಪ್ಪ ಚಹಾದ ಕಪ್ಪು ಕೆಳಗಿಟ್ಟ, ಮೀಸೆ ಒರೆಸಿಕೊಂಡ.

"ಆಕಿ ಕೈ ನೆಟ್ಟಗಾಗಿಲ್ಲ ಬಸಪ್ಪ. ರೊಟ್ಟಿ ಬಡ್ಯಾಂವ ನಾನು. ಎರಡಲ್ಲ, ನಾಕ ಹೆಚ್ಚಿಗಿ ಬಡೀತೀನಿ."

ಚೀಲದ ಮೇಲೆ ಕೂತಿದ್ದ ಒಬ್ಬ ಕಿಸಕ್ಕನೆ ನಕ್ಕ. "ಏ ಫಕೀರಪ್ಪ, ಮನ್ಯಾಗ ಸೀರಿನೂ ಉಡತೀಯೇನೋ?"

ಅಪ್ಪ ಸಿಟ್ಟಿಗೇಳಲಿಲ್ಲ. ಅಲ್ಲೇ ನೆಲಕ್ಕೆ ಕೂತು ಗಂಟು ಬಿಚ್ಚಿ, ಒಂದು ರೊಟ್ಟಿ ತೆಗೆದು, ಅದರ ಮೇಲೆ ಬದನೆಕಾಯಿ ಎಣ್ಣೆಗಾಯಿ ಇಟ್ಟು ಆತನ ಕೈಗೇ ಕೊಟ್ಟ. "ಮೊದಲ ತಿನ್ನು. ಸೀರಿ ಮಾತು ಆಮ್ಯಾಲ." ಆತ ತಿಂದ. ಎರಡನೆಯ ತುತ್ತಿಗೆ ನಗು ನಿಂತಿತು. ಮೂರನೆಯ ತುತ್ತಿಗೆ, "ಅಂಚು ಚೂರು ದಪ್ಪ ಆಗ್ಯಾವ ನೋಡು," ಎಂದ.

"ಅದು ಬದು," ಎಂದ ಅಪ್ಪ.

ಬಸಪ್ಪ ಕಾಕಾನೂ ಕೈ ಚಾಚಿದ, ಹುಸೇನಸಾಬ ಚಾಚಾನೂ ಕೂತ. ನಾನೂ ಕೂತೆ. ಎಡಕ್ಕೆ ನೋಡಿದರೆ ಉಣ್ಣುತ್ತಿದ್ದರು, ಬಲಕ್ಕೆ ನೋಡಿದರೆ ಉಣ್ಣುತ್ತಿದ್ದರು. ನನ್ನ ಕೈ ತಾನಾಗಿಯೇ ಇನ್ನೊಂದು ರೊಟ್ಟಿಗೆ ಹೋಯಿತು. ಅಪ್ಪ ಅದನ್ನು ಕಂಡೂ ಕಾಣದವನ ಹಾಗೆ ಉಳ್ಳಾಗಡ್ಡಿ ಜಜ್ಜುತ್ತಿದ್ದ. ಅಪ್ಪ ಸಂಗ್ರಾಣಿ ಕಲ್ಲು ಎತ್ತುವುದನ್ನು ನಾನು ನೋಡಿರಲಿಲ್ಲ, ನಾನು ಹುಟ್ಟುವ ಮೊದಲಿನ ಮಾತು ಅದು. ಆದರೆ ಅಪ್ಪ ಅದಕ್ಕಿಂತ ಭಾರದ್ದೊಂದನ್ನು ಎತ್ತಿದ್ದನ್ನು ಅಂದು ಕಣ್ಣಾರೆ ನೋಡಿದೆ.

ಮರುದಿನದ ಬುತ್ತಿ ಇಳಿಸಿಕೊಳ್ಳುವಾಗ ಕಂಡಕ್ಟರಣ್ಣ ಗೊಣಗಿದ. "ಏನವಾ ಕೆಂಪ ಚೌಕಡಿ, ಮದವಿ ಊಟಕ್ಕ ಮಂದಿ ಕರದೀ ಏನು? ಬಾನೆಟ್ ಬಗ್ಗೇತಿ." ಕೋಣೆಯಲ್ಲಿ ಗಂಟು ಬಿಚ್ಚಿ ಮಾರುಕಟ್ಟೆಯ ಕಥೆಯನ್ನೆಲ್ಲ ಹೇಳಿದೆ. ಶಬಾನಾ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. "ನಿಮ್ಮಪ್ಪ ಬಡದಿದ್ದಾ? ಖರೇನ? ನಮ್ಮ ಅಬ್ಬಾಗ ನೀರ ಕಾಸಾಕ ಬರೂದಿಲ್ಲ. ತಾ ಇಲ್ಲಿ, ಎರಡು ಕೊಡು." ಆಕೆಯ ಬುತ್ತಿಯಲ್ಲಿ ಹೊಳೆಯ ಮೀನಿನ ಸಾರು ಬಂದಿತ್ತು. ನಾನು ಮೀನು ಮುಟ್ಟುವವಳಲ್ಲ, ಆಕೆ ನಮ್ಮ ರೊಟ್ಟಿ ಬಿಡುವವಳಲ್ಲ; ತಾಟುಗಳ ನಡುವೆ ಗಡಿಯಾಗಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಇಬ್ಬರೂ ಉಂಡೆವು. ಆಕೆ ಎರಡು ತಿಂದರೆ ನನಗೂ ಎರಡು ಬೇಕು, ನಾನು ಮೂರಕ್ಕೆ ಕೈ ಹಾಕಿದರೆ ಆಕೆ ಸುಮ್ಮನಿರುವವಳಲ್ಲ. ಕಡಿಮೆ ಉಣ್ಣಿಸಿದ ಆ ಪಕ್ಕದ ತಾಟೇ ಈಗ ಹೆಚ್ಚು ಉಣ್ಣಿಸತೊಡಗಿತು.

ಸೌಮ್ಯಾ ಒಂದು ವಾರ ಸೌತೆಕಾಯಿ ಕಡಿಯುತ್ತ ನಮ್ಮನ್ನು ನೋಡಿದಳು. ಪುಂಡಿಪಲ್ಯೆ ಬಂದ ದಿನ ಮೊಬೈಲನ್ನು ಮಕಾಡೆ ಮಲಗಿಸಿ ನಮ್ಮ ನಡುವೆ ಬಂದು ಕೂತಳು. ಮೂರನೆಯ ರೊಟ್ಟಿಯ ಬದು ಮುರಿಯುತ್ತ, "ಇನ್ನ ಯಾರರ ನೋಡಾಕ ಬರಲಿ. ಅವರು ನನ್ನ ಮೈ ನೋಡೂಕಿಂತ ಮೊದಲ, ನಿಮ್ಮ ಮಗಗ ರೊಟ್ಟಿ ಬಡ್ಯಾಕ ಬರತೈತೇನ್ರಿ ಅಂತ ನಾನ ಕೇಳ್ತೀನಿ," ಎಂದಳು. ಕೇಳಿದಳೂ ಸಹ. ಒಂದು ವರ ಚಹಾ ಕುಡಿಯದೆ ಎದ್ದು ಹೋಯಿತು. ಇನ್ನೊಬ್ಬ, "ಬರೂದಿಲ್ರಿ, ಕಲೀತೀನಿ," ಎಂದನಂತೆ. ಆತ ಈಗ ಆಕೆಯ ಗಂಡ.

ಹೊಂಬಳದಲ್ಲಿ ಸುದ್ದಿ ಟ್ರ್ಯಾಕ್ಟರಿಗಿಂತ ಮೊದಲೇ ಮುಟ್ಟಿತ್ತು. ಅಪ್ಪನಿಗೆ "ರೊಟ್ಟಿ ಫಕೀರಪ್ಪ" ಎಂಬ ಹೆಸರು ಬಿತ್ತು. ಅಪ್ಪ ಅಗಳಿ ತೆಗೆದು ಬಾಗಿಲು ಪೂರ್ತಿ ತೆರೆದಿಟ್ಟ. ಗೌರವ್ವ ಬಂದು ಹೊಸ್ತಿಲಲ್ಲೇ ನಿಂತು ನೋಡಿ, ತನ್ನ ಗಂಡನನ್ನು ಕರೆದು ತೋರಿಸಿದಳಂತೆ. ಆ ಮನುಷ್ಯ ಎಷ್ಟೋ ದಿನ ನಮ್ಮ ಮನೆಯ ಮುಂದೆ ಹಾಯಲಿಲ್ಲ.

ಪರೀಕ್ಷೆಯ ದಿನ ಅಪ್ಪ ಜೊತೆಗೆ ಬಂದ. ಬುತ್ತಿಯನ್ನು ಎದೆಗೆ ಅವುಚಿಕೊಂಡು ಮೈದಾನದ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತ. ಒಳಗೆ ಸಾಲು. ಶಬಾನಾ ನನ್ನ ಮುಂದೆ ಇದ್ದಳು. ಆಕೆ ದಾಟಿ ಹೋಗಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನನ್ನ ಸರದಿ ಬಂತು. ತೂಗುವ ಅಧಿಕಾರಿ ತಲೆ ಎತ್ತದೆಯೇ, "ಕೈಯಾಗ ಏನರ ಇದ್ರ ಕೆಳಗಿಡವಾ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಎರಡೂ ಅಂಗೈ ಬಿಡಿಸಿ ತೋರಿಸಿ, ಹತ್ತಿ ನಿಂತೆ.

ಓಟ ಮುಗಿಸಿ, ಕೆಂಪು ಮಣ್ಣು ಮೆತ್ತಿದ ಕಾಲಲ್ಲೇ ಗೇಟಿಗೆ ಓಡಿಬಂದೆ. ಅಪ್ಪ ಓಟದ ಸುದ್ದಿ ಕೇಳಲೇ ಇಲ್ಲ.

"ತೂಕ?"

"ಗಡಿ ದಾಟೇತಿ ಅಪ್ಪಾ. ಇವತ್ತ ಬುತ್ತಿ ಇಳಿಸಿಬಿಟ್ಟ ಹತ್ತಿದ್ದೆ."

ಅಪ್ಪ ತಲೆಯಲ್ಲಾಡಿಸಿದ. ಕಣ್ಣು ತುಂಬಿದ್ದವು.

"ಎಲ್ಲಿ ಇಳಿಸಿದಿ ಹುಚ್ಚಿ? ಇಷ್ಟ ದಿನದ ಬುತ್ತಿ ಎಲ್ಲಾ ನಿನ್ನ ಮೈಮ್ಯಾಲ ಐತಲ್ಲ."

ಹಾಗೆ ಹೇಳಿ ಅಪ್ಪ ಬೇವಿನ ಗಿಡದ ಕೆಳಗೆ ಕೂತು, ಕೆಂಪು ಚೌಕಡಿಯ ಗಂಟು ಬಿಚ್ಚಿದ.